ಒಂದೇ ನಕ್ಷೆಗೆ ಇಬ್ಬರ ಕೈ

ವಾರವಿಡೀ ಕೂತು ಅವಳು ಬಿಡಿಸಿದ್ದ ಕಣಿವೆಯ ಮೇಲೆ ಅವನು ಒಂದೇ ಕ್ಲಿಕ್‌ನಲ್ಲಿ ಗೋಪುರ ತಂದಿಟ್ಟ. ಗೋಪುರ ಕಣಿವೆಯನ್ನು ನುಂಗಿ ಹಾಕಿತು. ಕಾಡು, ನದಿ, ಹಳ್ಳಿಗಳು, ಆಚೆಯ ಸಮುದ್ರತೀರ, ಎಲ್ಲವೂ ಅದರ ನೆಲಮಾಳಿಗೆಯ ಅಡಿಯಲ್ಲಿ ಕಾಣೆಯಾದವು.

"ಏನ್ರೀ ಇದು?"

"ಗೋಪುರ."

"ಗೋಪುರಾನಾ? ನನ್ನ ದೇಶಾನೇ ಹೋಯ್ತಲ್ರೀ!"

ಅವನು ಪರದೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿದ. ಎಡವಟ್ಟು ಎಲ್ಲಾಯಿತೆಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಅವಳ ನಕ್ಷೆಯಲ್ಲಿ ಒಂದು ಚೌಕ ಅಂದರೆ ಒಂದು ದಿನದ ನಡಿಗೆ. ಅವನ ನಕ್ಷೆಯಲ್ಲಿ ಒಂದು ಚೌಕ ಅಂದರೆ ಒಂದು ಹೆಜ್ಜೆ. ಎರಡನ್ನೂ ಹಾಗೇ ಜೋಡಿಸಿಬಿಟ್ಟಿದ್ದರು.

"ಅಂದ್ರೆ ಈ ಗೋಪುರದಲ್ಲಿ ಅಡುಗೆಮನೆಯಿಂದ ಊಟದ ಮನೆಗೆ ಹೋಗೋಕೆ ಒಂದು ವಾರ ಬೇಕು," ಅಂದ ಅವನು, ಬಹಳ ಗಂಭೀರವಾಗಿ. "ಸಾರು ಆರಿ ಹೋಗತ್ತೆ."

ಅವಳಿಗೆ ಸಿಟ್ಟು ಬರಬೇಕಿತ್ತು, ನಗು ಬಂತು. ಆ ನಗು ಕೇಳಿ ಅವನು ತಿರುಗಿದ, ಒಂದು ಗಳಿಗೆ ನೋಡಿಯೇ ನೋಡಿದ, ಆಮೇಲೆ ಕೀಬೋರ್ಡಿನ ಸಂದಿಯಲ್ಲಿ ಏನೋ ಬೀಳಿಸಿಕೊಂಡವನ ಹಾಗೆ ತಲೆ ತಗ್ಗಿಸಿದ. ಕಿವಿ ಕೆಂಪಗಾಗಿತ್ತು. ಒಂದು ವರ್ಷದಿಂದ ಅವಳು ಆ ಕಿವಿಗಳನ್ನು ನೋಡುತ್ತಾ ಬಂದಿದ್ದಾಳೆ. ಅವನ ಬಾಯಿ ಹೇಳದ್ದನ್ನೆಲ್ಲ ಅವು ಹೇಳುತ್ತಿವೆಯೋ, ಅಥವಾ ಪಾಪದವನಿಗೆ ಸೆಕೆ ಜಾಸ್ತಿಯೋ, ಅದೊಂದು ಮಾತ್ರ ಅವಳಿಗೆ ಇನ್ನೂ ಖಾತ್ರಿಯಾಗಿರಲಿಲ್ಲ.

ಇದೆಲ್ಲ ಶುರುವಾದದ್ದು ಅವಳ ಅಕ್ಕನ ಊಟದ ಮೇಜಿನಲ್ಲಿ. ಪ್ರತಿ ಭಾನುವಾರ ಮಧ್ಯಾಹ್ನ ಆ ಮೇಜಿನ ಸುತ್ತ ಸ್ನೇಹಿತರು ಸೇರುತ್ತಿದ್ದರು. ಅಕ್ಕ ಕಥೆ ಹೇಳುವಳು. ಉಳಿದವರು ಆ ಕಥೆಯೊಳಗಿನ ಕಳ್ಳ, ಸೈನಿಕ, ಮಂತ್ರವಾದಿ ಆಗುವರು. ಬಾಗಿಲು ಒಡೆಯುತ್ತದೋ ಇಲ್ಲವೋ ಅನ್ನುವುದನ್ನು ದಾಳ ಹೇಳುವುದು. ದಾರಿ ತೋರಿಸಲು ಅಕ್ಕ ಹಳೆ ಕ್ಯಾಲೆಂಡರಿನ ಬೆನ್ನಿಗೆ ಪೆನ್ಸಿಲಿನಲ್ಲಿ ನಕ್ಷೆ ಬಿಡಿಸುತ್ತಿದ್ದಳು. ಅವಳಿಗೆ ಮಗುವಾಯಿತು. ಮಗು ತೆವಳಲು ಕಲಿಯಿತು.

"ನನ್ನಿಂದ ಇನ್ನಾಗಲ್ಲ," ಅಂದಳು ಅಕ್ಕ ಒಂದು ಭಾನುವಾರ, ಮಗುವಿನ ಬಾಯಿಗೆ ಬೆರಳು ಹಾಕಿ ಕಾಗದದ ಚೂರು ತೆಗೆಯುತ್ತಾ. "ಅರ್ಧ ರಾಜಧಾನಿ ತಿಂದು ಕೂತಿದ್ದಾನೆ. ಇನ್ಮೇಲೆ ಕಥೆ ಹೇಳೋರು ನೀವಿಬ್ಬರು. ಕಾಗದ ಬೇಡ. ಇಬ್ಬರೂ ಸೇರಿ ನಕ್ಷೆ ಮಾಡೋ ಸಾಫ್ಟ್‌ವೇರ್ ಒಂದು ಆರಿಸಿ. ಒಂದೇ, ತಿಳೀತಾ? ಎರಡೆರಡು ಕಲಿಯೋ ತಲೆ ಇಲ್ಲಿ ಯಾರಿಗೂ ಇಲ್ಲ."

ನೀವಿಬ್ಬರು ಅಂದರೆ ತಂಗಿ ಮತ್ತು 'ಮಹಡಿ'. ಆ ಅಡ್ಡಹೆಸರನ್ನು ಇಟ್ಟವಳೂ ಅಕ್ಕನೇ. ಅವನು ಲಿಫ್ಟ್ ಮೆಕ್ಯಾನಿಕ್. ದಿನವಿಡೀ ಕಟ್ಟಡಗಳ ಹೊಟ್ಟೆಯೊಳಗೆ ಮೇಲೆ ಕೆಳಗೆ ಓಡಾಡುವವನು. ಅವನಿಗೆ ಕಥೆ ಅಂದರೆ ಮಹಡಿಯ ಮೇಲೊಂದು ಮಹಡಿ, ಗುಪ್ತ ಬಾಗಿಲು, ಸುರುಳಿ ಮೆಟ್ಟಿಲು. ಅವಳು ಮೂಳೆ ಆಸ್ಪತ್ರೆಯ ಪ್ಲಾಸ್ಟರ್ ಕೋಣೆಯಲ್ಲಿ ಕೆಲಸ ಮಾಡುವವಳು. ಬೆಳಗಿನಿಂದ ಸಂಜೆಯವರೆಗೆ ಕಿಟಕಿಯಿಲ್ಲದ ಕೋಣೆಯಲ್ಲಿದ್ದು ಅವಳಿಗೆ ಬಯಲು, ನದಿ, ಬೆಟ್ಟ ಬೇಕಿತ್ತು.

ಹಾಗಾಗಿ ಅವಳು ಆರಿಸಿದ ಸಾಫ್ಟ್‌ವೇರಿನಲ್ಲಿ ಬೆಟ್ಟದ ನೆರಳು ತಾನಾಗಿ ಬೀಳುತ್ತಿತ್ತು, ಬ್ರಷ್ ಎಳೆದಲ್ಲೆಲ್ಲ ಕಾಡು ಬೆಳೆಯುತ್ತಿತ್ತು. ಮನೆಯೊಳಗೆ ಹೋಗುವ ದಾರಿ ಮಾತ್ರ ಇರಲಿಲ್ಲ. ಅವನು ಆರಿಸಿದ್ದರಲ್ಲಿ ಗೋಡೆಗೆ ಗೋಡೆ ಕೂಡುತ್ತಿತ್ತು, ದೀಪ ಇಟ್ಟಲ್ಲಿ ಬೆಳಕು ಮೂಲೆಯವರೆಗೆ ಹರಡುತ್ತಿತ್ತು. ಮನೆಯಿಂದ ಹೊರಗೆ ಕಾಲಿಟ್ಟರೆ ಬರೀ ಬಿಳಿ. ಎರಡನ್ನೂ ಕೆಲವು ದಿನದ ಉಚಿತ ಟ್ರಯಲ್ ಹಾಕಿಕೊಂಡು, ಆಸ್ಪತ್ರೆ ಎದುರಿನ ಕಾಫಿ ಅಂಗಡಿಯಲ್ಲಿ ದಿನಾ ಸಂಜೆ ಜಗಳ ನಡೆಸಿದ್ದರು. ಅವಳ ಲ್ಯಾಪ್‌ಟಾಪನ್ನು ರಾತ್ರಿ ಅವನು ಒಯ್ಯುವನು, ಮರುದಿನ ತಂದುಕೊಡುವನು.

ಜಗಳದ ನಡುವೆ ಅವಳು ಇನ್ನೊಂದು ತೀರ್ಮಾನ ಮಾಡಿಕೊಂಡಿದ್ದಳು. ಟ್ರಯಲ್ ಮುಗಿಯುವುದರೊಳಗೆ ಅವನಿಗೆ ಹೇಳಿಬಿಡಬೇಕು. ಅವನು ಹೇಳಲಿ ಅಂತ ಕಾದರೆ ತಲೆಗೂದಲು ನರೆಯುವುದೇ ಗ್ಯಾರಂಟಿ.

"ಹೇಳು, ಬೇಡ ಅನ್ನಲ್ಲ," ಅಂದಿದ್ದಳು ಅಕ್ಕ. "ಆದ್ರೆ ಅವನು ಇಲ್ಲ ಅಂದ್ರೆ? ಅವನು ಬರೋದು ನಿಲ್ಲಿಸ್ತಾನೆ, ನೀನು ಮುಖ ಊದಿಸ್ಕೊಂಡು ಕೂರ್ತೀಯ, ಮೇಜು ಖಾಲಿ ಆಗತ್ತೆ. ಯೋಚನೆ ಮಾಡಿದೀಯ?"

"ಹೇಳದೆ ಇದ್ರೂ ನನ್ನ ಮುಖ ಊದೋದೇ, ಅಕ್ಕ."

ಹೇಳಬೇಕೆಂದು ಗಟ್ಟಿ ಮಾಡಿಕೊಂಡು ಹೋದ ಸಂಜೆಯೇ ಎಲ್ಲ ಹದಗೆಟ್ಟಿತು.

ಅವನು ಲ್ಯಾಪ್‌ಟಾಪ್ ಮರಳಿಸಿದ, ಅವಳು ನಕ್ಷೆ ತೆರೆದಳು. ನದಿ ತಿರುಗುವ ಕಡೆ ಅವಳು ಒಂದಿಷ್ಟು ಜಾಗ ಖಾಲಿ ಬಿಟ್ಟಿದ್ದಳು. ಅಲ್ಲಿ ಈಗ ಒತ್ತೊತ್ತಾಗಿ ಮನೆಗಳು, ಸುತ್ತ ಎತ್ತರದ ಗೋಡೆ, ಗೋಡೆಗೊಂದು ಕಬ್ಬಿಣದ ಗೇಟು. ಬೇರೆ ಕಡೆಯಿಂದ ಚಿತ್ರ ತಂದು, ಸಾಲಾಗಿ, ಅಚ್ಚುಕಟ್ಟಾಗಿ ಅಂಟಿಸಿದ್ದ.

"ಇದನ್ನ ಯಾರು ತುಂಬಿಸೋಕೆ ಹೇಳಿದ್ರು?"

"ಖಾಲಿ ಇತ್ತು. ಮರೆತಿದೀರ ಅಂದ್ಕೊಂಡೆ."

"ಬೇಕು ಅಂತಾನೇ ಬಿಟ್ಟಿದ್ದೆ! ಆಡೋರು ಅಲ್ಲಿಗೆ ಹೋಗ್ಲಿ, ಏನಿದೆ ಅಂತ ಅವರೇ ಹೇಳ್ಲಿ ಅಂತ. ಎಲ್ಲಾನೂ ನಾವೇ ಮುಚ್ಚಿದ್ರೆ ಅವರಿಗೇನು ಕೆಲಸ?"

"ಹಾಗೆ ಜಾಗ ತೆರೆದು ಬಿಡೋಕೆ ನನಗೆ ಆಗಲ್ಲ," ಅಂದ ಅವನು ಮೆಲ್ಲಗೆ. "ಯಾರಾದ್ರೂ ಬೀಳ್ತಾರೆ."

"ಬೀಳ್ತಾರಾ? ಕಂಪ್ಯೂಟರ್ ನಕ್ಷೇಲಿ?" ಹೇಳಬೇಕೆಂದು ಬಂದಿದ್ದ ಮಾತಿನ ಬದಲು ಬೇರೆಯದೇ ಹೊರಬಿತ್ತು. "ನಿಮಗೆ ಕಥೆ ಹೇಳೋಕೆ ಬರಲ್ಲ. ಗೋಡೆ ಕಟ್ಟೋಕೆ ಬರತ್ತೆ, ಅಷ್ಟೇ."

ಅವನು ಕಪ್ಪನ್ನು ತಟ್ಟೆಯ ಮೇಲೆ ಸರಿಯಾಗಿ ಇಟ್ಟ, ಕುರ್ಚಿಯನ್ನು ಒಳಗೆ ತಳ್ಳಿದ.

"ನಿಮ್ಮದನ್ನೇ ತಗೊಳ್ಳಿ," ಅಂದ. "ಕಥೆ ನೀವೊಬ್ಬರೇ ಹೇಳಿ."

"ಭಾನುವಾರ ಬರ್ತೀರ ತಾನೆ?"

"ನೋಡೋಣ."

ನೋಡೋಣ ಅಂದವರು ಯಾರು ತಾನೇ ಬಂದಿದ್ದಾರೆ! ಭಾನುವಾರ ಅವನ ಕುರ್ಚಿಯಲ್ಲಿ ಮಗುವಿನ ಬಟ್ಟೆ ಒಣಗುತ್ತಿತ್ತು. ಯಾರೂ ಏನೂ ಕೇಳಲಿಲ್ಲ. ಅಕ್ಕ ಕೇಳದೆ ಇದ್ದದ್ದೇ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು.

ಸೋಮವಾರ ಪ್ಲಾಸ್ಟರ್ ಕೋಣೆಗೆ ಒಬ್ಬ ವಾಚ್‌ಮನ್ ಬಂದ, ಮೊಣಕಾಲಿನ ಕೆಳಗೆ ಮೂಳೆ ಮುರಿದುಕೊಂಡು. ಅವಳು ಉಗುರುಬೆಚ್ಚಗಿನ ನೀರಿನಲ್ಲಿ ಪಟ್ಟಿ ನೆನೆಸಿ, ಹಿಂಡಿ, ಪಾದದಿಂದ ಮೇಲಕ್ಕೆ ಸುತ್ತತೊಡಗಿದಳು.

"ಬೆರಳು ಬಿಟ್ಟುಬಿಟ್ರಲ್ಲಮ್ಮ," ಅಂದ ಅವನು.

"ಬಿಡಲೇಬೇಕು. ಪೂರ್ತಿ ಮುಚ್ಚಿದ್ರೆ ಒಳಗೆ ರಕ್ತ ಓಡ್ತಿದೆಯೋ ಇಲ್ವೋ ನನಗೆ ಹೇಗೆ ಗೊತ್ತಾಗತ್ತೆ? ಬೆರಳು ನೀಲಿಯಾದ್ರೆ ತಕ್ಷಣ ಓಡಿ ಬನ್ನಿ." ದಿನಕ್ಕೆ ಎಷ್ಟೋ ಸಲ ಹೇಳುವ ಮಾತು. "ಎಲ್ಲಿ ಬಿದ್ರಿ?"

"ಲಿಫ್ಟಲ್ಲಿ. ಲಿಫ್ಟಲ್ಲಿ ಅಂದ್ರೆ, ಲಿಫ್ಟ್ ಇರಲಿಲ್ಲ. ಯಾರೋ ರಿಪೇರಿಗೆ ಬಂದವರು ಬಾಗಿಲು ತೆರೆದಿಟ್ಟು, ಅಡ್ಡ ಏನೂ ಇಡದೆ ಟೀ ಕುಡಿಯೋಕೆ ಹೋಗಿದ್ರು. ಬಾಗಿಲು ತೆರೆದಿದೆಯಲ್ಲ ಅಂತ ಒಳಗೆ ಕಾಲಿಟ್ಟೆ. ಮೊದಲನೇ ಮಹಡಿ ಆಗಿದ್ದಕ್ಕೆ ಬದುಕಿಕೊಂಡೆ."

ಅವಳ ಕೈ ನಿಂತುಹೋಯಿತು. ಪ್ಲಾಸ್ಟರ್ ಒಣಗುವ ಮುಂಚೆ ಮುಗಿಸಬೇಕೆಂದು ಮತ್ತೆ ಚುರುಕಾಗಿ ಆಡಿಸಿದಳು. ಮನಸ್ಸು ಮಾತ್ರ ಕಾಫಿ ಅಂಗಡಿಯ ಮೇಜಿಗೆ ಹೋಗಿ ಕೂತಿತ್ತು. ಬೀಳ್ತಾರೆ ಅಂದಿದ್ದ. ಅವನು ಅವಳ ನಕ್ಷೆಯನ್ನು ತಿದ್ದಿರಲಿಲ್ಲ, ಅಲ್ಲಿಗೆ ಬರುವವರನ್ನು ಬೀಳದಂತೆ ಕಾಯಲು ಹೋಗಿದ್ದ. ತೆರೆದದ್ದನ್ನು ಮುಚ್ಚುವುದು ಅವನ ಕೆಲಸ. ಸ್ವಲ್ಪ ತೆರೆದಿಡುವುದು ಅವಳ ಕೆಲಸ. ಇಬ್ಬರೂ ಕೆಲಸದಿಂದ ನೇರ ಬಂದು, ಕೈ ತೊಳೆಯದೆ ಕಥೆಗೆ ಕೂತಿದ್ದರು, ಅಷ್ಟೇ ಆಗಿದ್ದದ್ದು.

ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ಆದರೆ ಸಿಟ್ಟು ಮಾಡಿಕೊಂಡು ಮೂಲೆ ಹಿಡಿಯುವ ಜಾತಿಯವಳಲ್ಲ. ಸಂಜೆ ಅಕ್ಕನ ಮನೆಗೆ ಹೋಗಿ, ಲ್ಯಾಪ್‌ಟಾಪ್ ತೆರೆದು, ಸಿಕ್ಕ ಸಿಕ್ಕ ಸಾಫ್ಟ್‌ವೇರನ್ನೆಲ್ಲ ಇಳಿಸಿಕೊಂಡಳು. ಒಂದಕ್ಕೆ ಅವಳ ಲ್ಯಾಪ್‌ಟಾಪ್ ಸಾಲದೆ ಫ್ಯಾನ್ ಹುಯ್ಯಲಿಟ್ಟಿತು. ಇನ್ನೊಂದರಲ್ಲಿ ಚಂದದ ಕೋಟೆ ಕಟ್ಟಿದಳು, ಸೇವ್ ಮಾಡಬೇಕಾದರೆ ಮೊದಲು ಕೊಂಡುಕೊಳ್ಳಿ ಅಂದಿತು. ಮತ್ತೊಂದರ ಪಾಠದ ವಿಡಿಯೋ ಒಂದು ಸಿನಿಮಾದಷ್ಟು ಉದ್ದವಿತ್ತು.

ಕೊನೆಗೆ ಉಳಿದದ್ದು ಮೊದಲ ದಿನವೇ ಇಬ್ಬರೂ ಸೇರಿ ನಕ್ಕು ಬಿಟ್ಟಿದ್ದ ಒಂದು. ಅದರ ಮರಗಳು ಹೂಕೋಸಿನ ಹಾಗಿದ್ದವು. ಮೆಟ್ಟಿಲುಗಳು ಬಾಚಣಿಗೆಯ ಹಾಗಿದ್ದವು. ಮೂಲೆಯಲ್ಲಿ, ಇನ್ನೊಬ್ಬರನ್ನು ಕರೆಯಿರಿ ಅನ್ನುವ ಗುಂಡಿಯೊಂದಿತ್ತು. ಒತ್ತಿ, ಲಿಂಕನ್ನು ಅಕ್ಕನ ಫೋನಿಗೆ ಕಳಿಸಿದಳು.

ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ಎರಡನೆಯ ಬಾಣದ ಗುರುತು ಬಂತು. ಬಂದದ್ದೇ ಸಮುದ್ರದ ನಡುವೆ ಮರ ನೆಡತೊಡಗಿತು. ಒಂದು, ಹತ್ತು, ಒಂದು ತೋಪು.

"ಅಕ್ಕಾ, ಏನು ಮಾಡ್ತಿದೀಯ?"

"ನಾನಲ್ಲ ಕಣೇ!" ಒಳಗಿನಿಂದ ಅಕ್ಕ ಕೂಗಿದಳು. "ಫೋನು ಮಗು ಕೈಯಲ್ಲಿದೆ!"

ಅವಳು ಒಂದು ಬೆಟ್ಟ ಎಳೆದಳು. ಆ ಕಡೆಯಿಂದ ಅದರ ಮೇಲೂ ಒಂದು ಹೂಕೋಸು ಬಿತ್ತು. ಅವಳು ಕುರ್ಚಿಗೆ ಒರಗಿ ಜೋರಾಗಿ ನಕ್ಕಳು. ಯಾವುದರಲ್ಲಿ ಕಾಡು ಚೆನ್ನಾಗಿದೆ, ಯಾವುದರಲ್ಲಿ ಗೋಡೆ ಚೆನ್ನಾಗಿದೆ ಅಂತ ಇಷ್ಟು ದಿನ ಹೊಡೆದಾಡಿದ್ದರು. ಯಾವುದರಲ್ಲಿ ಇಬ್ಬರೂ ಒಟ್ಟಿಗೆ ಕೂರಬಹುದು ಅಂತ ಒಬ್ಬರೂ ಕೇಳಿರಲಿಲ್ಲ.

ಮರುದಿನ ಊಟದ ವೇಳೆಗೆ ಅವಳು ಅವನ ಕಚೇರಿಗೆ ಫೋನು ಮಾಡಿ, ಅವನು ಯಾವ ಕಟ್ಟಡದಲ್ಲಿದ್ದಾನೆಂದು ಕೇಳಿಕೊಂಡು, ಬಗಲಿಗೆ ಲ್ಯಾಪ್‌ಟಾಪ್ ಚೀಲ ಹಾಕಿ ಹೊರಟಳು. ಹಳೆಯ ಕಟ್ಟಡ. ಲಿಫ್ಟಿನ ಬಾಗಿಲು ತೆರೆದಿತ್ತು, ಅದರ ಮುಂದೆ ಹಳದಿ ಬಣ್ಣದ ಅಡ್ಡಗಂಬಿ ಭದ್ರವಾಗಿ ನಿಂತಿತ್ತು. ಒಳಗೆ ಅವನು ಗುಂಡಿಗಳ ಹಲಗೆಗೆ ಸ್ಕ್ರೂ ತಿರುಗಿಸುತ್ತಿದ್ದ. ಅವಳನ್ನು ಕಂಡು ಸ್ಕ್ರೂಡ್ರೈವರ್ ಹಿಡಿದ ಕೈ ಹಾಗೇ ನಿಂತಿತು.

"ಅಲ್ಲೇ ನಿಲ್ಲಿ, ದಾಟಬೇಡಿ," ಅಂದ.

"ದಾಟಲ್ಲ. ಇಲ್ಲಿಂದಲೇ ಹೇಳ್ತೀನಿ." ಓಡಿ ಬಂದದ್ದಕ್ಕೆ ಏದುಸಿರು ಬರುತ್ತಿತ್ತು. "ಕಥೆ ಹೇಳೋಕೆ ಬರಲ್ಲ ಅಂದೆನಲ್ಲ, ಅದು ತಪ್ಪು. ನೀವು ಯಾಕೆ ಮುಚ್ಚಿದ್ರಿ ಅಂತ ನಿನ್ನೆ ಗೊತ್ತಾಯ್ತು. ಆಸ್ಪತ್ರೆಗೆ ಒಬ್ಬರು ಬಂದಿದ್ರು, ತೆರೆದ ಬಾಗಿಲಲ್ಲಿ ಬಿದ್ದು."

ಅವನ ಮುಖ ಬದಲಾಯಿತು. "ಹೇಗಿದಾರೆ?"

"ಕಾಲು ಮುರಿದಿದೆ. ಸರಿ ಹೋಗ್ತಾರೆ."

ಅವನು ಉಸಿರು ಬಿಟ್ಟ. ಯಾರೋ ಗುರುತಿಲ್ಲದವನ ಕಾಲಿಗೆ ಇಷ್ಟು ಮರುಗುವವನನ್ನು ಬಿಟ್ಟುಕೊಡುವುದುಂಟೇ ಅಂದುಕೊಂಡಳು ಅವಳು. ಲ್ಯಾಪ್‌ಟಾಪ್ ತೆಗೆದು ಅಡ್ಡಗಂಬಿಯ ಮೇಲೆ ಇಟ್ಟು, ಬೀಳದ ಹಾಗೆ ಎರಡೂ ಕೈಯಲ್ಲಿ ಹಿಡಿದಳು.

"ಇದನ್ನ ಆರಿಸಿದೀನಿ. ಹೂಕೋಸಿನ ಮರದ್ದು. ಕಾಡು ಚೆನ್ನಾಗಿಲ್ಲ, ಗೋಡೆನೂ ಚೆನ್ನಾಗಿಲ್ಲ. ಆದ್ರೆ ಒಂದೇ ನಕ್ಷೇಲಿ ಇಬ್ಬರೂ ಒಟ್ಟಿಗೆ ಬಿಡಿಸಬಹುದು. ನೀವು ಮುಚ್ಚಿದ್ದು ನನಗೆ ಅಲ್ಲೇ ಕಾಣತ್ತೆ, ನಾನು ತೆರೆದದ್ದು ನಿಮಗೆ ಕಾಣತ್ತೆ. ಜಗಳ ಆದ್ರೆ ಅಲ್ಲೇ ಆಗ್ಲಿ."

"ನನಗೆ ನಿಜವಾಗಿಯೂ ಕಥೆ ಹೇಳೋಕೆ ಬರಲ್ಲ," ಅಂದ ಅವನು. "ಅದು ನನಗೆ ಮೊದಲೇ ಗೊತ್ತಿತ್ತು."

"ಹಾಗಾದ್ರೆ ಯಾಕೆ ಒಪ್ಪಿದ್ರಿ?"

"ನಿಮ್ಮ ಅಕ್ಕ 'ನೀವಿಬ್ಬರು' ಅಂದ್ರು. ಆಮೇಲೆ ಅವರು ಹೇಳಿದ್ದು ಒಂದೂ ತಲೆಗೆ ಹೋಗಲಿಲ್ಲ."

ಅದರ ಅರ್ಥ ಅವಳಿಗೆ ತಿಳಿಯಿತು. ಆದರೆ ಅವಳು ಬಂದದ್ದು ತಾನು ಹೇಳಲು.

"ಇನ್ನೊಂದು ಮಾತಿದೆ. ಅದಕ್ಕೆ ನೀವು ಬೇಡ ಅಂದ್ರೂ ಭಾನುವಾರ ಬರಬೇಕು. ಅದು ಬೇರೆ, ಇದು ಬೇರೆ."

"ಹೇಳಿ."

"ನನಗೆ ನೀವು ಇಷ್ಟ. ಆಟದ ಜೊತೆಗಾರ ಅಂತಲ್ಲ. ನನ್ನ ಮನುಷ್ಯ ಆಗ್ತೀರಾ ಅಂತ ಕೇಳ್ತಿದೀನಿ."

ಅಷ್ಟರಲ್ಲಿ ಬೀದಿಬಾಗಿಲು ಕಿರುಗುಟ್ಟಿತು. ಎರಡೂ ಕೈಯಲ್ಲಿ ತರಕಾರಿ ಚೀಲ ಹಿಡಿದ ವಯಸ್ಸಾದ ಹೆಂಗಸೊಬ್ಬರು ಬಂದು ಅವಳ ಬೆನ್ನ ಹಿಂದೆ ನಿಂತರು. "ಲಿಫ್ಟ್ ಸರಿಯಾಯ್ತೇನಪ್ಪಾ?"

ಇವತ್ತು ಅವನ ತಲೆ ತಗ್ಗಲಿಲ್ಲ. ಅವಳನ್ನೇ ನೋಡುತ್ತಾ ಹೇಳಿದ: "ಆಯ್ತು ಅಮ್ಮ. ಒಂದೇ ನಿಮಿಷ. ರಿಪೇರಿ ಆದ ಮೇಲೆ ಮೊದಲು ನಾನೇ ಮೇಲೆ ಹೋಗಿ ಬರಬೇಕು. ಅದಾದ ಮೇಲೇ ಬೇರೆಯವರು." ಅವಳ ಕೈಯಿಂದ ಲ್ಯಾಪ್‌ಟಾಪ್ ತೆಗೆದುಕೊಂಡು, ಅಡ್ಡಗಂಬಿಯನ್ನು ಎತ್ತಿ ಪಕ್ಕಕ್ಕಿಟ್ಟ. "ಬರ್ತೀಯಾ?"

ಅವಳು ಒಳಗೆ ಕಾಲಿಟ್ಟಳು. ಬಾಗಿಲು ಮುಚ್ಚಿತು, ಲಿಫ್ಟ್ ಸಣ್ಣಗೆ ನಡುಗಿ ಮೇಲೇರಿತು.

"ನನಗೂ ನೀನಂದ್ರೆ ಇಷ್ಟ," ಅಂದ ಅವನು. "ಮೊದಲ ಭಾನುವಾರದಿಂದ. ದಿನಾ ಹೇಳಬೇಕು ಅಂದ್ಕೊಳ್ತಿದ್ದೆ."

"ಮತ್ತೆ ಯಾಕೆ ಹೇಳಲಿಲ್ಲ?"

"ನಕ್ಷೇಲಿ ತಪ್ಪಾದ್ರೆ ಅನ್‌ಡೂ ಒತ್ತಿ ಅಳಿಸಬಹುದು. ಇದನ್ನ ಒಂದು ಸಲ ಹೇಳಿದ ಮೇಲೆ ಮುಗೀತಲ್ಲ."

"ಈಗ ಹೇಳಿದೀಯ. ವಾಪಸ್ಸು ತಗೋಬೇಕು ಅನ್ನಿಸ್ತಿದೆಯಾ?"

"ಇಲ್ಲ."

ಕೊನೆಯ ಮಹಡಿ ಬಂತು. ಬಾಗಿಲು ತೆರೆಯಿತು, ಯಾರೂ ಇರಲಿಲ್ಲ. ಇನ್ನೊಂದು ಸುತ್ತು ಹಾಗೇ ಹೋಗಿ ಬರೋಣವೇ ಅನ್ನಲು ಅವಳು ಬಾಯಿ ತೆರೆದಳು.

"ಅವರ ಕೈಯಲ್ಲಿ ಭಾರ ಇದೆ," ಅಂದು ಅವನು ಕೆಳಗಿನ ಗುಂಡಿ ಒತ್ತಿದ. ಒತ್ತಿದ ಕೈಯನ್ನು ತಂದು ಅವಳ ಕೈಯೊಳಗೆ ಇಟ್ಟ. ಗ್ರೀಸಿನ ವಾಸನೆಯ, ಒರಟು ಬೆರಳಿನ, ಬೆಚ್ಚಗಿನ ಕೈ. ದಿನಕ್ಕೆ ಎಷ್ಟೋ ಕೈಗಳನ್ನು ಹಿಡಿಯುವವಳು ಅವಳು, ಯಾವುದನ್ನೂ ಹೀಗೆ ಹಿಡಿದಿರಲಿಲ್ಲ.

ಕೆಳಗೆ ಬಾಗಿಲು ತೆರೆದಾಗಲೂ ಅವನು ಕೈ ಬಿಡಲಿಲ್ಲ. ಆ ಅಮ್ಮ ಒಮ್ಮೆ ಅವನ ಮುಖ ನೋಡಿದರು, ಒಮ್ಮೆ ಅವಳ ಮುಖ ನೋಡಿದರು, ಆಮೇಲೆ ಕೈಗಳನ್ನು.

"ಏನೂ ತೊಂದರೆ ಇಲ್ಲ ತಾನೇ?"

"ಏನೂ ಇಲ್ಲ ಅಮ್ಮ," ಅಂದಳು ಅವಳು, ಅವನು ಬಾಯಿ ತೆರೆಯುವ ಮೊದಲೇ. "ಎಲ್ಲಾ ಸರಿಯಾಗಿದೆ. ಬನ್ನಿ, ಚೀಲ ಇಲ್ಲಿ ಕೊಡಿ."