ಗೋಡೆ ಮೇಲಿನ ಕ್ಲಚ್ ಪ್ಲೇಟು

ಟೈರ್ ಬಿಚ್ಚುವ ಕಬ್ಬಿಣದ ಲಿವರ್ ನನ್ನ ಗಂಟಲಿಗೆ ಒತ್ತಿಕೊಂಡಿತ್ತು.

ಇನ್ನೊಂದು ಚೂರು ಒತ್ತಿದ್ದರೆ ಈ ಕತೆ ಹೇಳಲು ನಾನಿರುತ್ತಿರಲಿಲ್ಲ... ನೀನು ಹೀಗೆ ಬಾಯಿ ಬಿಟ್ಟುಕೊಂಡು ಕೇಳುತ್ತಲೂ ಇರುತ್ತಿರಲಿಲ್ಲ!

"ಶರ್ಟ್ ಒಳಗೆ ಏನೋ ಅದು? ತೆಗಿ!"

ಲಿವರ್ ಹಿಡಿದವನು ಗೂಳಿ. ಶೋಕೇಸ್‌ನ ಬಾಡಿಗಾರ್ಡ್. ಅವನ ಕುತ್ತಿಗೆ ಎಲ್ಲಿ ಮುಗಿದು ತಲೆ ಎಲ್ಲಿ ಶುರುವಾಗುತ್ತದೋ ಹೆತ್ತವಳಿಗೂ ಗೊತ್ತಿರಲಿಕ್ಕಿಲ್ಲ.

"ಹೊಟ್ಟೆ," ಅಂದೆ.

ಶೋಕೇಸ್ ಅಂದರೆ ಮನುಷ್ಯನ ಹೆಸರು ಕಣಯ್ಯಾ. ಹಳೇ ಬೈಕುಗಳನ್ನು ಕೊಂಡು ತಂದು, ಪಾಲಿಶ್ ಹೊಡೆದು, ಹಾಲ್ ತುಂಬ ಸಾಲಾಗಿ ನಿಲ್ಲಿಸುವ ಮಹಾನುಭಾವ. ಒಂದನ್ನೂ ಓಡಿಸಿದವನಲ್ಲ. ಕಿಕ್ ಹೊಡೆಯಲೂ ಬಾರದು!

ನನ್ನ ಶರ್ಟಿನೊಳಗೆ ಇದ್ದದ್ದು ಅವನ ಗೋಡೆ ಮೇಲೆ ಗಾಜಿನ ಹಿಂದೆ ಥಳಥಳಿಸುತ್ತಿದ್ದ ಒಂದು ಸೆಟ್ ಕ್ಲಚ್ ಪ್ಲೇಟು. ಕದ್ದೆ. ಹೌದು, ಕದ್ದೆ! ಹಳೇ ಗಾಡಿಗಳ ಪಾರ್ಟ್ಸ್ ಹುಡುಕಿಕೊಡುವುದು ನನ್ನ ಕಸುಬು. ಸಿಗದಿದ್ದಾಗ ಕೈ ಸ್ವಲ್ಪ ಉದ್ದವಾಗುತ್ತದೆ.

ಯಾಕೆ? ಅಕ್ಕನಿಗಾಗಿ.

ಅಕ್ಕನ ಹತ್ತಿರ ಹಳೇ ಟ್ರಯಲ್ಸ್ ಬೈಕೊಂದಿದೆ. ಅದರಲ್ಲಿ ರೇಸ್ ಓಡುವುದಿಲ್ಲ. ಬಂಡೆ, ಹಳ್ಳ, ಮರದ ದಿಮ್ಮಿ... ಎಲ್ಲದರ ಮೇಲೂ ಇರುವೆಯ ಹಾಗೆ ನಿಧಾನಕ್ಕೆ ಹತ್ತಿಸಬೇಕು. ಕಾಲು ನೆಲ ಮುಟ್ಟಬಾರದು. ಗುಜರಿಯಲ್ಲಿ ತುಕ್ಕು ತಿನ್ನುತ್ತಿದ್ದುದನ್ನು ಎತ್ತಿ ತಂದು ಒಂದೊಂದು ಬೋಲ್ಟನ್ನೂ ತಾನೇ ಕೂರಿಸಿದವಳು. ಆ ಬೈಕು ಹೋದರೆ ಅವಳ ಅರ್ಧ ಜೀವ ಹೋದಂತೆ.

ಶೋಕೇಸ್‌ಗೆ ಅದರ ಮೇಲೆ ಕಣ್ಣು. "ಇಂಥ ಗಾಡೀನ ಕಲ್ಲಿಗೆ ಉಜ್ಜಿ ಹಾಳು ಮಾಡ್ತಿದ್ದೀಯಲ್ಲಮ್ಮಾ," ಅಂದ. ಅಕ್ಕನ ಪಿತ್ತ ನೆತ್ತಿಗೇರಿತು.

"ಕಲ್ಲು ಕ್ವಾರಿ ಬಂಡೆ ಹತ್ತಿಸಿ ತೋರಿಸ್ತೀನಿ. ಕಾಲು ಊರಿದ್ರೆ ಬೈಕ್ ನಿಮ್ದು. ಊರದಿದ್ರೆ ನನ್ನ ಬಾಗಿಲಿಗೆ ಮತ್ತೆ ಬರಕೂಡದು!"

ನಾಲ್ಕು ಜನರ ಎದುರು ಮಾತು ಕೊಟ್ಟಳು. ಆಮೇಲೆ ಪ್ರಾಕ್ಟೀಸ್ ಮಾಡುತ್ತಾ ಕ್ಲಚ್ ಪ್ಲೇಟು ಸುಟ್ಟುಕೊಂಡಳು. ಅದಿಲ್ಲದೆ ಗಾಡಿ ಇಂಚೂ ಅಲುಗದು. ಪಂದ್ಯ ಮರುದಿನ ಬೆಳಿಗ್ಗೆ! ನಾನು ಅಂಗಡಿ ಅಂಗಡಿ ಜಾಲಾಡಿದೆ. ಬೈಕಿನ ಹೆಸರು ಹೇಳಿದೊಡನೆ ಎಲ್ಲರದೂ ಒಂದೇ ಉತ್ತರ... "ಶೋಕೇಸ್ ಎಲ್ಲಾ ಬಾಚ್ಕೊಂಡು ಹೋದ್ರಲ್ಲ!"

ಸರಿ, ಶೋಕೇಸ್‌ನ ಹಾಲಿಗೆ, ನನ್ನ ಗಂಟಲಿಗೆ ವಾಪಸ್ ಬರೋಣ.

ನನ್ನ ಎಡಕ್ಕೊಂದು ಬೈಕು. ಬಲಕ್ಕೊಂದು. ಎಡಗಡೆಯದರ ಸ್ಟ್ಯಾಂಡಿಗೆ ಒದ್ದೆ. ಬೈಕು ವಾಲಿತು.

"ಗೂಳೀ! ಬೈಕ್ ಹಿಡಿ!" ಮೆಟ್ಟಿಲ ಮೇಲಿಂದ ಶೋಕೇಸ್ ಕಿರುಚಿದ.

"ಸಾರ್, ಇವನು...?"

"ಅವನು ಹಾಳಾಗ್ಲಿ! ಪೇಂಟ್ ಹೋಗುತ್ತೆ ಕಣೋ, ಪೇಂಟು!"

ಲಿವರ್ ಠಣ್ ಎಂದು ಬಿತ್ತು. ಗೂಳಿ ಬೈಕನ್ನು ತಬ್ಬಿದ. ಬಲಗಡೆಯದಕ್ಕೂ ಒದ್ದೆ. ಇನ್ನೊಂದು ಕೈಯಲ್ಲಿ ಅದನ್ನೂ ಹಿಡಿದ. ಪಾಪ... ಎರಡು ಕೈಯಲ್ಲಿ ಎರಡು ಬೈಕು, ಮೂಗು ತುರಿಸಿದರೂ ಕೆರೆದುಕೊಳ್ಳುವಂತಿಲ್ಲ!

ನಾನು ಕಾಲಿಗೆ ಬುದ್ಧಿ ಹೇಳಿದೆ.

ಹೊರಗೆ ನನ್ನ ಡಬ್ಬಾ ಬೈಕು. ಹಾಲಿನ ಕ್ಯಾನ್ ಹೊತ್ತು ಹೊತ್ತು ಸೊಂಟ ಮುರಿದುಕೊಂಡ ಗಾಡಿ. ಅರ್ಧ ದಾರಿಯಲ್ಲಿ ಹಿಂದೆ ಜೀಪಿನ ಹಾರನ್! ಮಾರ್ಕೆಟ್ ಹಿಂದಿನ ಸಂದಿಗೆ ನುಗ್ಗಿಸಿದೆ. ಮೆಟ್ಟಿಲು ಇಳಿಸಿದೆ. ಹಲ್ಲೆಲ್ಲ ಕಟಕಟ. ಜೀಪು ಸಂದಿಯ ಬಾಯಲ್ಲೇ ಸಿಕ್ಕಿಕೊಂಡಿತು.

ಅಕ್ಕ ಶೆಡ್‌ನಲ್ಲಿ ಕ್ಲಚ್ ಕವರ್ ಬಿಚ್ಚಿಟ್ಟುಕೊಂಡು ಕಾಯುತ್ತಿದ್ದಳು. ಪ್ಲೇಟು ಕೈಗಿಟ್ಟೆ. ಹೆಬ್ಬೆರಳಲ್ಲಿ ಉಜ್ಜಿದಳು. ಮೂಸಿದಳು. ಮುಖ ಕಪ್ಪಿಟ್ಟಿತು.

"ಲೋ... ಇದಕ್ಕೆ ವಾರ್ನಿಶ್ ಹೊಡೆದಿದ್ದಾನೆ."

"ಏನು?"

"ಹೊಳೀಲಿ ಅಂತ! ಹಿಡಿತಕ್ಕೆ ಇರೋ ಪ್ಲೇಟು ಕಣೋ ಇದು. ವಾರ್ನಿಶ್ ಹೊಡೆದ್ರೆ ಬರೀ ಜಾರುತ್ತೆ. ಕೆರೆದು ತೆಗೆದ್ರೆ ಹಿಡಿತಕ್ಕೆ ಅಂಟಿಸಿರೋ ಕಾರ್ಕೇ ಕಿತ್ತು ಬರುತ್ತೆ."

ಗಂಟಲು ಕೊಟ್ಟು ಕದ್ದು ತಂದದ್ದು ಗೋಡೆಗೆ ನೇತುಹಾಕುವ ತಟ್ಟೆ! ಅಕ್ಕ ಬೈಕಿನ ಟ್ಯಾಂಕಿನ ಮೇಲೆ ಕೈಯಿಟ್ಟು ನಿಂತಳು. ಅಳುವವಳಲ್ಲ ಅವಳು. ಆದರೆ ಕಣ್ಣು ತುಂಬಿತ್ತು.

ಅಷ್ಟರಲ್ಲಿ ಜೀಪನ್ನು ಹೇಗೋ ಬಿಡಿಸಿಕೊಂಡು ಬಂದ ಶೋಕೇಸ್ ಬಾಗಿಲಲ್ಲಿ. ಏದುಸಿರು. ಹಿಂದೆ ಗೂಳಿ.

"ಕಳ್ಳರು! ಕೊಡಿ ನನ್ನ ಪ್ಲೇಟು!"

"ಇದಕ್ಕೆ ವಾರ್ನಿಶ್ ಹೊಡೆದಿದ್ದು ಯಾರು ಸಾಹೇಬ್ರೇ?" ಅಕ್ಕ ಕೇಳಿದಳು.

"ನಾನೇ! ಮೂರು ಕೋಟು!" ಎದೆಯುಬ್ಬಿಸಿದ. ಆಮೇಲೆ ನನ್ನ ಡಬ್ಬಾ ಬೈಕಿನ ಕಡೆ ನೋಡಿ ಮೂಗು ಮುರಿದ. "ನಿಮಗೆಲ್ಲಿ ಗೊತ್ತಾಗ್ಬೇಕು ಬೆಲೆ? ಥೂ! ಎಂಥಾ ಕಂಪನಿ... ಬಂಡೆ ಹತ್ತೋ ಅದೇ ಇಂಜಿನ್ನನ್ನ ಈ ಹಾಲಿನ ಗಾಡಿಗೂ ಹಾಕಿ ಮಾನ ಕಳ್ಕೊಂಡ್ರು!"



ಅಕ್ಕ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ. ಆಮೇಲೆ ಇಬ್ಬರೂ ನನ್ನ ಡಬ್ಬಾ ಬೈಕಿನ ಕಡೆ ನೋಡಿದೆವು.

"ತಪ್ಪಾಯ್ತು ಸಾಹೇಬ್ರೇ," ಅಕ್ಕ ಎರಡು ಕೈಯಲ್ಲೂ ಪ್ಲೇಟು ಹಿಡಿದು ಕೊಟ್ಟಳು. "ಜೋಪಾನವಾಗಿ ತಗೊಂಡ್ಹೋಗಿ."

"ನಾಳೆ ಬೈಕ್ ಒಯ್ಯೋಕೆ ಟೆಂಪೋ ತರ್ತೀನಿ!"

"ತನ್ನಿ, ತನ್ನಿ."

ಜೀಪಿನ ಸದ್ದು ದೂರವಾಗುವವರೆಗೆ ಕಾದಳು. ಆಮೇಲೆ ನನ್ನ ತಲೆಗೆ ಒಂದು ಕೊಟ್ಟಳು ನೋಡು!

"ಅಂಗೈಲಿ ಬೆಣ್ಣೆ ಇಟ್ಕೊಂಡು ತುಪ್ಪಕ್ಕೆ ಊರೆಲ್ಲಾ ಅಲೆದ್ಯಲ್ಲೋ! ಅಂಗಡೀಲಿ ಬೈಕಿನ ಹೆಸರು ಹೇಳೋ ಬದ್ಲು ಸುಟ್ಟ ಪ್ಲೇಟು ತೋರಿಸಿ ಅಳತೆ ನೋಡೋಕಾಗ್ಲಿಲ್ವಾ?"

"ನಿನಗೂ ಹೊಳೀಲಿಲ್ವಲ್ಲ..."

"ಸ್ಪ್ಯಾನರ್ ಕೊಡು!"

ನನ್ನ ಗಾಡಿಯ ಹೊಟ್ಟೆ ಬಗೆದೆವು. ಅದೇ ಅಳತೆ. ಅದೇ ಹಲ್ಲು. ಎಣ್ಣೆ ಕುಡಿದು ಪಳಗಿದ ಪ್ಲೇಟು. ಅಕ್ಕನ ಬೈಕಿನಲ್ಲಿ ಟಕ್ ಎಂದು ಕೂತವು!

ಬೆಳಿಗ್ಗೆ ಕ್ವಾರಿಗೆ ಶೋಕೇಸ್ ಟೆಂಪೋ ತಂದಿದ್ದ. ಒಳಗೆ ಹಾಸಿಗೆ ಬೇರೆ ಹಾಸಿದ್ದ, ಬೈಕಿಗೆ ಗೀರು ಬೀಳಬಾರದಲ್ಲ! ಅಕ್ಕ ಬಂಡೆ ಹತ್ತಿಸಿದಳು. ನಡುವೆ ಒಮ್ಮೆ ಚಕ್ರ ಜಾರಿತು... ಎರಡು ಬೆರಳಲ್ಲಿ ಕ್ಲಚ್ ಹಿಡಿದು, ಬಿಟ್ಟು, ನೆತ್ತಿ ಮುಟ್ಟಿದಳು. ಕಾಲು ಊರಲಿಲ್ಲ! ಶೋಕೇಸ್ ಖಾಲಿ ಹಾಸಿಗೆ ಹೊತ್ತು ವಾಪಸ್ ಹೋದ.

ಅಕ್ಕ ಇಳಿದು ಬಂದಾಗ ಕೇಳಿದೆ, "ಇನ್ನು ನನ್ನ ಪ್ಲೇಟು ಕೊಡ್ತೀಯಾ? ನನ್ನ ಗಾಡಿ ಓಡ್ಬೇಕಲ್ಲ."

ಹೆಲ್ಮೆಟ್ ತೆಗೆದು ನಕ್ಕಳು.

"ಶೋಕೇಸ್ ಮನೆ ಗೋಡೆ ಮೇಲೆ ಒಂದು ಸೆಟ್ ಇದೆಯಂತೆ... ಹೋಗಿ ಕೇಳು!"