ಸತ್ತವನ ಹಿಂದೆ ಸೈಕಲ್ಲಿನಲ್ಲಿ

ಬ್ರೇಕ್ ಒತ್ತಿದೆ. ಹಿಡಿಯಲಿಲ್ಲ! ಬಾಡಿಗೆ ಸೈಕಲ್ಲಿನ ಹಣೆಬರಹ...

ಬಲಕ್ಕೆ ಕೆಂಪು ಬಂಡೆಯ ಗೋಡೆ. ಎಡಕ್ಕೆ ಪ್ರಪಾತ, ತಳದಲ್ಲಿ ಹೊಳೆ. ನಡುವೆ ಒಂದು ಸೈಕಲ್ಲಿಗಷ್ಟೇ ಸಾಲುವ ಕಲ್ಲುಹಾದಿ. ಕ್ಯಾಲೆಂಡರಿಗೆ ಹಾಕುವಂಥ ನೋಟ. ನೋಡಲು ಪುರುಸೊತ್ತು ಯಾರಿಗಿತ್ತು, ನೀವೇ ಹೇಳಿ?

ನನ್ನ ಮುಂದೆ ಸತ್ತವನೊಬ್ಬ ಪೆಡಲ್ ತುಳಿಯುತ್ತಿದ್ದ!

ಊರವರ ಪ್ರಕಾರ ಅವನು ಕಳೆದ ತಿಂಗಳೇ ಈ ಹೊಳೆಗೆ ಬಿದ್ದು ಸತ್ತಿದ್ದ. ದಂಡೆಯಲ್ಲಿ ಮುರಿದ ಸೈಕಲ್, ಹೆಲ್ಮೆಟ್ ಸಿಕ್ಕಿದ್ದವು. ಹೆಣ ಹುಡುಕಲು ನೀರಿಗಿಳಿದ ಮುಳುಗುಗಾರ ಸುಳಿಗೆ ಸಿಕ್ಕಿ ಮೇಲೆ ಬರಲೇ ಇಲ್ಲ.

ಆ ಮುಳುಗುಗಾರನ ಹೆಂಡತಿ ನನ್ನ ಪತ್ತೇದಾರಿ ಆಫೀಸಿಗೆ ಬಂದಿದ್ದಳು.

"ನಮ್ಮೆಜಮಾನ್ರು ಹುಡುಕ್ತಾ ಹೋದವನು ಅಲ್ಲಿದ್ನಾ, ಇಲ್ವಾ? ಅಷ್ಟು ಹೇಳಿ ಸಾಕು."

ಪತ್ತೆ ಹಚ್ಚುವುದು ಕಷ್ಟವಾಗಲಿಲ್ಲ. ಆಸಾಮಿ ಮನೆ ಬಿಟ್ಟಿದ್ದ, ಹೆಂಡತಿಯನ್ನು ಬಿಟ್ಟಿದ್ದ. ಈ ಹಾದಿಯ ಹುಚ್ಚು ಮಾತ್ರ ಅವನನ್ನು ಬಿಟ್ಟಿರಲಿಲ್ಲ. ಬೆಳಗಾದರೆ ಗಡ್ಡದವನೊಬ್ಬ ಮೇಲಿನ ಕಾಡಿನಿಂದ ಸೈಕಲ್ಲಿನಲ್ಲಿ ಇಳಿಯುತ್ತಾನೆಂದು ಅರಣ್ಯ ಕಾವಲುಗಾರ ಹೇಳಿದ. ಕಾದೆ. ಬಂದ. ನನ್ನನ್ನು ಕಂಡು ಓಟ ಕಿತ್ತ!

"ನಿಲ್ಲೋ!"

"ಹಿಂದೆ ಬರ್ಬೇಡ! ಕೆಳಗೆ ತಳ್ಬಿಡ್ತೀನಿ!"

ಐವತ್ತು ದಾಟಿದ ಮಂಡಿಗಳು ಚೀರುತ್ತಿದ್ದವು. ನಿಲ್ಲುವ ಆಸೆ ಅವನಿಗಿಂತ ನನಗೇ ಹೆಚ್ಚು. ಬ್ರೇಕ್ ಇದ್ದರಲ್ಲವೇ!

ತಿರುವಿನಲ್ಲಿ ಹತ್ತಿರವಾದೆ. ಅವನು ಕಾಲು ಬೀಸಿ ಒದ್ದ. ಗುರಿ ತಪ್ಪಿತು. ಅವನ ಚಕ್ರ ಅಂಚಿನಲ್ಲಿ ಜಾರಿತು... ಸೈಕಲ್ ಹೊಳೆ ಸೇರಿತು. ಅವನು ಮರದ ಬೇರಿಗೆ ಒಂದೇ ಕೈಯಲ್ಲಿ ಜೋತುಬಿದ್ದ.

ನಾನು ಮುಳ್ಳಿನ ಪೊದೆಗೆ ನುಗ್ಗಿ ನಿಂತೆ.

"ಎತ್ತಿ ಸಾರ್! ಇನ್ನೊಂದು ಕೈ ಮುರಿದೋಗಿದೆ!"

ಸುಳ್ಳೇಕೆ ಹೇಳಲಿ, ಹಾಗೇ ಬಿಟ್ಟು ಹೋಗುವ ಮನಸ್ಸಾಗಿತ್ತು.

ಬೇರು ಲಟಕ್ಕೆಂದಿತು. ಕಾಲರ್ ಹಿಡಿದು ಎಳೆದುಹಾಕಿದೆ.

"ಸತ್ತೋದ ಅಂತಾನೇ ಹೇಳ್ಬಿಡಿ ಸಾರ್..." ಏದುಸಿರು ಬಿಡುತ್ತಾ ಅಂದ. "ಆ ಮನೆ, ಆ ಸಂಸಾರ... ಸಾಕಾಗಿತ್ತು."

"ನಿನ್ನ ಸಾವನ್ನ ಬೇರೆಯವನು ಸತ್ತಾಯ್ತು. ನಡಿ!"

ಕಣಿವೆಯ ಬಾಯಲ್ಲಿ, ನಾನು ಮೊದಲೇ ಹೇಳಿಟ್ಟಿದ್ದಂತೆ, ಪೊಲೀಸ್ ಜೀಪು. ಪಕ್ಕದಲ್ಲಿ ಮುಳುಗುಗಾರನ ಹೆಂಡತಿ. ಆಕೆಯ ವಿಷಯವನ್ನೆಲ್ಲ ದಾರಿಯಲ್ಲೇ ಅವನಿಗೆ ಹೇಳಿದ್ದೆ. ಆಕೆ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಅಕ್ಕಾ... ಯಾರಾದ್ರೂ ನೀರಿಗಿಳೀತಾರೆ ಅಂತ ಗೊತ್ತಿರ್ಲಿಲ್ಲ."

"ನೀನು ನೀರಲ್ಲಿದ್ದೀಯ ಅಂದ್ರಲ್ಲಪ್ಪಾ. ಇನ್ನೆಲ್ಲಿಗೆ ಇಳೀಬೇಕಿತ್ತು ಅವ್ರು?"

ಅಳಲಿಲ್ಲ, ಕಿರುಚಲಿಲ್ಲ. ಸೆರಗು ಸರಿಮಾಡಿಕೊಂಡು ಬಸ್ ಸ್ಟಾಪಿನತ್ತ ನಡೆದುಬಿಟ್ಟಳು. ಗೆದ್ದೆನೆಂದು ನನಗೇನೂ ಅನ್ನಿಸಲಿಲ್ಲ. ಎಲ್ಲಾದರೂ ಕೂತುಬಿಡಬೇಕು ಅನ್ನಿಸಿತು, ಅಷ್ಟೇ.

ಪೇದೆ ಅವನನ್ನು ಜೀಪಿಗೆ ತಳ್ಳಿದ.

"ಅಯ್ಯೋ, ಕೈ! ನೋಯ್ತಿದೆ ಸಾರ್!"

"ನೋಯ್ಲಿ ಬಿಡಪ್ಪಾ," ಅಂದೆ. "ಸತ್ತೋರಿಗಾದ್ರೆ ನೋಯಲ್ಲ!"