ಹನ್ನೊಂದು ಪುಟದ ಅರ್ಜಿ, ಎರಡನೇ ಗುಂಡಿ

ಆ ಸೋಮವಾರ ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿ ಇಳಿದಿತ್ತೆಂದರೆ, ಒಳಗಿನ ಇಸ್ತ್ರಿಯ ಆವಿ ಎಲ್ಲಿ ಮುಗಿಯಿತು, ಹೊರಗಿನ ಮಂಜು ಎಲ್ಲಿ ಶುರುವಾಯಿತು ಎಂಬುದು ಲಾಂಡ್ರಿಯ ಗಾಜಿನ ಬಾಗಿಲಿಗೇ ತಿಳಿಯುವಂತಿರಲಿಲ್ಲ. ಹಿತ್ತಲಿನ ಹಗ್ಗದ ಮೇಲೆ ನಿನ್ನೆಯ ಬಟ್ಟೆಗಳು ಒಣಗದೆ ತಲೆ ತಗ್ಗಿಸಿಕೊಂಡಿದ್ದವು. ಇಂಥ ಬೆಳಗಿನಲ್ಲಿ ದೇವರು ಲೋಕವನ್ನು ಇನ್ನೂ ಬಿಚ್ಚದೆ ಮಡಿಸಿಟ್ಟಿದ್ದಾನೆ ಎನಿಸುತ್ತದೆ. ಯಾವ ಪದರದೊಳಗೆ ಏನಿದೆಯೋ ಅವನಿಗೇ ಗೊತ್ತು.

ಅಂಗಡಿಯ ಮೂಲೆಯ ಸ್ಟೂಲಿನ ಮೇಲೆ ಕೂತು ಹರಿದದ್ದನ್ನು ಹೊಲಿಯುವವಳನ್ನು ಎಲ್ಲರೂ ಸೂಜಿ ಎಂದೇ ಕರೆಯುತ್ತಿದ್ದರು. ಮೈ ಸಪೂರ, ಮಾತು ಚೂಪು. ಅಡ್ಡಹೆಸರು ತಾನಾಗಿ ಹೊಂದಿಕೊಂಡಿತ್ತು. ಅಂಗಡಿ ಅವಳ ದೊಡ್ಡಮ್ಮನದು. ಅಪ್ಪ ಮನೆ ಬಿಟ್ಟು ಹೋಗಿ ಸುದ್ದಿಯಿಲ್ಲದಂತಾದಾಗ, ಆಮೇಲೆ ಅಮ್ಮನೂ ತೀರಿಕೊಂಡಾಗ, ಆರು ವರ್ಷದ ಹುಡುಗಿಯನ್ನು ಕೈಹಿಡಿದು ಕರೆತಂದು ಸಾಕಿದವಳು ಈ ದೊಡ್ಡಮ್ಮ.

ಆ ಲಾಂಡ್ರಿಯಲ್ಲಿ ಒಂದು ಪದ್ಧತಿಯಿತ್ತು. ಒಗೆಯುವ ಮೊದಲು ಪ್ರತಿ ಜೇಬನ್ನೂ ತಡಕಬೇಕು; ಸಿಕ್ಕಿದ್ದು ಹರಿದ ಬಸ್ ಟಿಕೆಟ್ಟೇ ಆಗಿರಲಿ, ಕಂದು ಬಣ್ಣದ ಕವರಿಗೆ ಹಾಕಿ, ನಂಬರ್ ಬರೆದು, ಬಟ್ಟೆಯ ಜೊತೆ ವಾಪಸ್ ಕೊಡಬೇಕು. ಆರು ವರ್ಷದಿಂದ ಜೇಬು ತಡಕುವ ಕೆಲಸ ಸೂಜಿಯದು. ಮನುಷ್ಯರು ಬಾಯಲ್ಲಿ ಹೇಳದ್ದನ್ನು ಜೇಬಿನಲ್ಲಿಟ್ಟುಕೊಂಡು ತಿರುಗುತ್ತಾರೆ ಎಂದು ಅವಳು ಕಂಡುಕೊಂಡಿದ್ದಳು. ಬಾಯಿ ಸುಳ್ಳಾಡಬಹುದು, ಜೇಬು ಆಡುವುದಿಲ್ಲ ಎಂಬುದು ಅವಳ ನಂಬಿಕೆ. ಅವಳು ಮೋಸಹೋಗಲಿದ್ದದ್ದೂ ಇದೇ ನಂಬಿಕೆಯಿಂದ.

ಆ ದಿನ ಮೊದಲು ಕೈಗೆ ಬಂದದ್ದು ಹದಿನೇಳನೇ ನಂಬರಿನ ಬಿಳಿ ಅಂಗಿ. ಸೂಜಿ ಅದನ್ನು ಹರಡಿ ನೋಡಿ ನಕ್ಕಳು. ಎರಡನೇ ಗುಂಡಿ ಇಲ್ಲ.

ಅಂಗಿಯವನು ಕಾಲೇಜಿನ ವಿದ್ಯಾರ್ಥಿ ನೆರವಿನ ವಿಭಾಗದಲ್ಲಿ ಮೂರನೇ ಟೇಬಲ್ಲಿನ ಗುಮಾಸ್ತ. ಸ್ಕಾಲರ್‌ಶಿಪ್ ಅರ್ಜಿಗಳನ್ನು ಪರಿಶೀಲಿಸುವುದು ಅವನ ಕೆಲಸ. ಬೆಳಿಗ್ಗೆ ಕೊಟ್ಟು ಹೋದರೆ ಸಂಜೆ ನಾಲ್ಕಕ್ಕೆ ಬಂದು ಒಯ್ಯುತ್ತಿದ್ದ. ಮೂರು ತಿಂಗಳಿಂದ ಪ್ರತಿ ಸೋಮವಾರ ಅಂಗಿ ಬರುತ್ತಿತ್ತು, ಪ್ರತಿ ಸಲವೂ ಎರಡನೇ ಗುಂಡಿಯೇ ಮಾಯ. ಸವೆದು ಕಳಚಿದ ಗುಂಡಿಯ ನೂಲಿಗೆ ತುದಿಯಲ್ಲಿ ಜುಂಗು ಎದ್ದಿರುತ್ತದೆ. ಇದರ ನೂಲು ನುಣ್ಣಗೆ ಕತ್ತರಿಸಿದಂತಿತ್ತು. ಅಲ್ಲಿರುವುದು ಅವಳದೇ ನೀಲಿ ನೂಲು, ಅವಳದೇ ಅಡ್ಡಹೊಲಿಗೆ.

ಹಿಂದಿನ ವಾರ ತಡೆಯಲಾರದೆ ಕೇಳಿಯೂ ಇದ್ದಳು.

"ನಿಮ್ಮ ಮನೇಲಿ ಇಲಿ ಇದೆಯಾ ಸರ್? ಕತ್ತರಿ ಇಟ್ಕೊಂಡಿರೋ ಇಲಿ?"

ಅವನು ಒಂದು ಕ್ಷಣ ಅವಳ ಕೈಯ ಸೂಜಿಯನ್ನೂ, ಆಮೇಲೆ ಕಣ್ಣನ್ನೂ ನೋಡಿ, ತಕ್ಷಣ ಗೋಡೆಯ ಕ್ಯಾಲೆಂಡರಿನ ಕಡೆ ಮುಖ ತಿರುಗಿಸಿದ್ದ. "ಒಂದಿದೆ. ಪಾಪ, ಯಾರಿಗೂ ತೊಂದ್ರೆ ಕೊಡಲ್ಲ," ಎಂದಿದ್ದ. ಅವನ ಕಿವಿ ಕೆಂಪಾದದ್ದು ಆವಿಯಿಂದ ಇರಬಹುದು ಎಂದು ಅವಳು ತನಗೆ ತಾನೇ ಹೇಳಿಕೊಂಡಿದ್ದಳು. ಆವಿ ಅವತ್ತು ಅಷ್ಟೇನೂ ಇರಲಿಲ್ಲ.

ಇವತ್ತು ಜೇಬಿನಲ್ಲಿ ಪೆನ್ನಿನ ಕ್ಯಾಪು, ಬಸ್ ಟಿಕೆಟ್ಟು, ನಾಲ್ಕಾಗಿ ಮಡಿಸಿದ ಹಳದಿ ಕಾಗದ. ಕಾಗದದ ನಾಲ್ಕು ಮೂಲೆಯಲ್ಲೂ ಒಣಗಿದ ಅಂಟಿತ್ತು. ಸೂಜಿ ಬಿಡಿಸಿದಳು.

'ಖಚಿತ ಸ್ಕಾಲರ್‌ಶಿಪ್. ಅರ್ಜಿ ನಾವೇ ತುಂಬುತ್ತೇವೆ. ಯಾವ ದಾಖಲೆಯೂ ಬೇಡ. ಕೆಲವೇ ಸೀಟು, ಇಂದೇ ಕರೆ ಮಾಡಿ.' ಕೆಳಗೆ ಫೋನ್ ನಂಬರ್.

ಅವಳು ಇನ್ನೊಮ್ಮೆ ಓದಿದಳು. ಕಾರಣವಿತ್ತು. ಯಾರಿಗೂ ಹೇಳದೆ ಅವಳು ಅದೇ ಕಾಲೇಜಿಗೆ ಕೆಮಿಸ್ಟ್ರಿ ಓದಲು ಅರ್ಜಿ ಹಾಕಿದ್ದಳು, ಸೀಟೂ ಸಿಕ್ಕಿತ್ತು. ಕೆಂಪು ಯಾಕೆ ಬಿಡುತ್ತೆ, ಕಪ್ಪು ಯಾಕೆ ಬಿಡಲ್ಲ, ನಿಂಬೆರಸಕ್ಕೆ ಹೋಗುವ ತುಕ್ಕಿನ ಕಲೆ ಸೋಪಿಗೆ ಯಾಕೆ ಹೋಗಲ್ಲ ಎಂದು ಕೇಳಿ ಕೇಳಿ ಅವಳು ದೊಡ್ಡಮ್ಮನನ್ನು ಸುಸ್ತು ಮಾಡಿದ್ದಳು. ಫೀಸು ಮಾತ್ರ ಅವರ ಕೈಗೆ ಎಟುಕುವಂಥದ್ದಲ್ಲ. ನೆರವಿನ ಅರ್ಜಿಗೆ ಶುಕ್ರವಾರ ಕೊನೆಯ ದಿನ. ಅದು ತಪ್ಪಿದರೆ ಸೀಟೂ ತಪ್ಪಿದಂತೆ. ಹನ್ನೊಂದು ಪುಟದ ಆ ಅರ್ಜಿ ಬಟ್ಟೆಯ ಬೀರುವಿನಲ್ಲಿ ಮೂರು ವಾರದಿಂದ ಬಿದ್ದಿತ್ತು. ನಾಲ್ಕನೇ ಪುಟದಲ್ಲಿ 'ತಂದೆಯ ಆದಾಯ, ತಂದೆಯ ಸಹಿ' ಎಂಬಲ್ಲಿ ಅವಳ ಪೆನ್ನು ನಿಂತುಬಿಟ್ಟಿತ್ತು.

ಮೂರನೇ ಟೇಬಲ್ಲಿನವನನ್ನೇ ಕೇಳಬಹುದಿತ್ತು. ಆದರೆ ಎಲ್ಲರನ್ನೂ ಬಿಟ್ಟು ಅವನ ಮುಂದೆಯೇ ಆ ಖಾಲಿ ಜಾಗವನ್ನು ತೋರಿಸಲು ಅವಳಿಗೆ ಮನಸ್ಸು ಬರಲಿಲ್ಲ. ಯಾಕೆ ಬರಲಿಲ್ಲ ಎಂಬುದನ್ನು ಅವಳು ಹೆಚ್ಚು ಕೆದಕಲೂ ಹೋಗಿರಲಿಲ್ಲ.

ಈಗ ಈ ಕಾಗದ. ಅರ್ಜಿ ನೋಡುವವನೇ ಎದೆಯ ಜೇಬಿನಲ್ಲಿ ಮಡಿಸಿಟ್ಟುಕೊಂಡಿದ್ದಾನೆ ಎಂದರೆ ಇದು ಒಳಗಿನವರಿಗೆ ಮಾತ್ರ ಗೊತ್ತಿರುವ ದಾರಿ ಇರಬೇಕು. ಆರು ವರ್ಷದಲ್ಲಿ ಮೊದಲ ಸಲ ಅವಳು ಒಂದು ವಸ್ತುವನ್ನು ಕವರಿಗೆ ಹಾಕದೆ ತನ್ನ ಸೂಜಿಡಬ್ಬಿಯ ಕೆಳಗೆ ಸೇರಿಸಿದಳು.

ಮಧ್ಯಾಹ್ನ ಹಿತ್ತಲಿಗೆ ಹೋಗಿ ಫೋನ್ ಮಾಡಿದಳು. ಆ ಕಡೆಯ ದನಿ ಬೆಣ್ಣೆಯಂತಿತ್ತು. ಮಾತಿಗೊಮ್ಮೆ ಅಕ್ಕಾ ಅಕ್ಕಾ ಎಂದು, ಅವಳ ಹೆಸರು ಆಗಲೇ ಆಯ್ಕೆಯಾದ ಹಾಗೆಯೇ ಲೆಕ್ಕ ಎಂದಿತು. ನೋಂದಣಿ ಫೀಸು ಅಂತ ಅವಳ ಎರಡು ತಿಂಗಳ ಸಂಬಳದಷ್ಟು ಸಂಜೆ ಐದರೊಳಗೆ ಕಳಿಸಬೇಕು. ಬ್ಯಾಂಕ್ ಖಾತೆಯ ವಿವರ ಕೊಡಬೇಕು. ಫೋನಿಗೊಂದು ಓಟಿಪಿ ಬರುತ್ತದೆ, ಅದನ್ನು ಹೇಳಬೇಕು, ಅಷ್ಟೇ. ಅವಳಿಗೆ ಸಹಜವಾಗಿಯೇ ಕುತೂಹಲ. ಈ ದುಡ್ಡು ಯಾರು ಕೊಡ್ತಾರೆ, ನನ್ನನ್ನು ನೋಡದೆಯೇ ಹೇಗೆ ಆಯ್ಕೆ ಮಾಡಿದರು ಎಂದು ಕೇಳಿದಳು. ದನಿಯ ಬೆಣ್ಣೆ ಸ್ವಲ್ಪ ಗಟ್ಟಿಯಾಯಿತು. ಇಷ್ಟೆಲ್ಲ ಪ್ರಶ್ನೆ ಕೇಳುತ್ತ ಕೂತರೆ ಸೀಟು ಬೇರೆಯವರ ಪಾಲಾಗುತ್ತದೆ ಎಂದಿತು.

ಪ್ರಶ್ನೆ ಕೇಳಿದರೆ ತಪ್ಪುವ ವಿದ್ಯೆ ಎಂಥದ್ದು ಎಂದು ಒಳಗೆಲ್ಲೋ ಚುಚ್ಚಿತು. ಆದರೂ ಜೇಬಿನ ಮೇಲಿನ ನಂಬಿಕೆ ದೊಡ್ಡದು. ಅವಳು ಖಾತೆಯ ನಂಬರ್ ಹೇಳಿದಳು, ಸಂಜೆ ಕಳಿಸುತ್ತೇನೆ ಎಂದಳು.

ನಾಲ್ಕಕ್ಕೆ ಅವನು ಬಂದ. ಮಂಜು ಕರಗಿ ಬೀದಿಗೆ ತೆಳ್ಳನೆಯ ಬಿಸಿಲು ಬಂದಿತ್ತು. ಹೊಲಿದ ಗುಂಡಿಯ ಮೇಲೆ ಬೆರಳಾಡಿಸಿದ. ಯಾವಾಗಲೂ ಹಾಗೆಯೇ, ಏನೋ ಓದುವವನಂತೆ. ಆಮೇಲೆ ಕವರು ಬಿಚ್ಚಿ, ಮತ್ತೊಮ್ಮೆ ಒಳಗೆ ಇಣುಕಿದ.

"ಒಂದು ಹಳದಿ ಕಾಗದ ಇತ್ತು..."

ಇಸ್ತ್ರಿ ಮಾಡುತ್ತಿದ್ದ ದೊಡ್ಡಮ್ಮ ತಲೆಯೆತ್ತಿದಳು. ಇಲ್ಲ ಎಂದುಬಿಡಲು ಸೂಜಿಗೆ ಒಂದು ಉಸಿರಿನಷ್ಟು ಸಮಯವಿತ್ತು.

"ಇತ್ತು. ನಾನು ತಗೊಂಡೆ. ನಿಮ್ಮ ಕಾಲೇಜಲ್ಲೇ ಕೆಮಿಸ್ಟ್ರಿ ಸೀಟು ಸಿಕ್ಕಿದೆ, ಫೀಸಿಗೆ ದುಡ್ಡಿಲ್ಲ," ಎಂದಳು. ಡಬ್ಬಿಯ ಕೆಳಗಿನಿಂದ ಕಾಗದ ತೆಗೆದು ಟೇಬಲ್ಲಿನ ಮೇಲಿಟ್ಟಳು.

ಅವನಿಗೆ ಸಿಟ್ಟು ಬರಲಿಲ್ಲ. ಕಾಲೇಜಿನ ಗೇಟಿನ ಪಕ್ಕದ ಗೋಡೆಗೆ ಇಂಥವನ್ನು ಯಾರೋ ಅಂಟಿಸಿ ಹೋಗುತ್ತಾರೆ, ಕಂಡದ್ದನ್ನೆಲ್ಲ ತಾನು ಕಿತ್ತು ಜೇಬಿಗೆ ಹಾಕಿಕೊಳ್ಳುತ್ತೇನೆ, ಇದನ್ನು ಪೊಲೀಸರಿಗೆ ಕೊಡಬೇಕಿತ್ತು ಎಂದು ನಿಧಾನವಾಗಿ ಹೇಳಿದ. ಹೋದ ತಿಂಗಳು ಒಬ್ಬ ಹುಡುಗಿ ಇವರ ಮಾತು ನಂಬಿದ್ದರಿಂದ, ಅವಳಮ್ಮ ಕೂಡಿಟ್ಟದ್ದೆಲ್ಲ ಒಂದೇ ನಿಮಿಷದಲ್ಲಿ ಖಾತೆಯಿಂದ ಹೋಗಿತ್ತು. ಅವಳು ಮೂರನೇ ಟೇಬಲ್ಲಿನ ಮುಂದೆ ನಿಂತು ಅತ್ತದ್ದು ಅವನ ಮನಸ್ಸಿನಿಂದ ಹೋಗಿರಲಿಲ್ಲ.

ಸೂಜಿಯ ಮುಖ ಒಗೆದ ಬಟ್ಟೆಯಂತೆ ಬಿಳಿಚಿಕೊಂಡಿತು. ಅಷ್ಟರಲ್ಲಿ ಅವಳ ಫೋನಿಗೆ ಆರು ಅಂಕಿಯ ಸಂದೇಶ ಬಂತು. ಹಿಂದೆಯೇ ಫೋನ್ ಗುನುಗಿತು. ಅದೇ ನಂಬರ್.

ಅವನಿಗೆ ಎಲ್ಲ ಅರ್ಥವಾಯಿತು. ಆದರೆ ಫೋನಿಗೆ ಕೈ ಚಾಚಲಿಲ್ಲ. ಆ ಆರು ಅಂಕಿ ಯಾರಿಗೂ ಹೇಳಬೇಡಿ, ತನಗೂ ಬೇಡ ಎಂದು ಮೆಲ್ಲಗೆ ಹೇಳಿ, "ನೀವೇ ಮಾತಾಡಿ. ನಿಮಗೆ ಕೇಳೋಕೆ ಬರುತ್ತಲ್ಲ," ಎಂದ.

ಅವಳು ಫೋನ್ ಎತ್ತಿದಳು. "ಓಟಿಪಿ ಯಾಕೆ ಅಣ್ಣಾ, ದುಡ್ಡನ್ನೇ ಕೈಯಲ್ಲಿ ತಂದು ಕೊಡ್ತೀನಿ. ನಿಮ್ಮ ಆಫೀಸು ಯಾವ ಬೀದೀಲಿದೆ? ಜೊತೆಗೆ ಕಾಲೇಜಿನವರೂ ಬರ್ತಾರಂತೆ."

ಆ ಕಡೆ ಫೋನೇ ಸತ್ತಿತು. ದೊಡ್ಡಮ್ಮ ಇಸ್ತ್ರಿಪೆಟ್ಟಿಗೆಯನ್ನು ಕೆಳಗಿಟ್ಟು, ಕಣ್ಣು ಮುಚ್ಚಿ, ದೇವರಿಗೆ ಸಲ್ಲಬೇಕಾದ ಎರಡು ಮಾತನ್ನು ಸದ್ದಿಲ್ಲದೆ ಸಲ್ಲಿಸಿದಳು. ಕಣ್ಣು ಬಿಟ್ಟವಳೇ, "ಕೆಮಿಸ್ಟ್ರಿನಾ? ನನಗೂ ಹೇಳ್ಲಿಲ್ವಲ್ಲೇ," ಎಂದಳು. ಆ ದನಿಯಲ್ಲಿ ಗದರಿಕೆಗಿಂತ ಹೆಚ್ಚಾಗಿ ಬೇರೇನೋ ಇತ್ತು.

ಅವನು ಮೊದಲು ಬ್ಯಾಂಕಿಗೆ ಫೋನ್ ಮಾಡಿಸಿ ಖಾತೆಯನ್ನು ಭದ್ರಪಡಿಸಿದ. ಆಮೇಲೆ ಬೀರುವಿನ ಅರ್ಜಿ ಇಸ್ತ್ರಿ ಟೇಬಲ್ಲಿಗೆ ಬಂತು. ನೆರವಿನ ಅರ್ಜಿಗೆ ಬಿಡಿಗಾಸೂ ಕಟ್ಟುವಂತಿಲ್ಲ, ಖಚಿತ ಎಂದು ಯಾರೂ ಹೇಳಲಾರರು, ಅವಸರ ಮಾಡುವವರನ್ನು ಕಂಡರೆ ನಿಧಾನ ಮಾಡಬೇಕು ಎಂದ. ತಂದೆ ಇಲ್ಲದವರಿಗೆ, ಇದ್ದೂ ಇಲ್ಲದವರಿಗೆ ಒಂಬತ್ತನೇ ಪುಟವೇ ಇದೆ. ಸಾಕಿದವರು ಇದ್ದದ್ದನ್ನು ಇದ್ದಹಾಗೆ ಬರೆದು ಸಹಿ ಮಾಡಿದರೆ ಸಾಕು.

"ಅಪ್ಪ ಎಲ್ಲಿದ್ದಾರೆ ಅಂತ ಕೇಳಿದ್ರೆ?" ಅವಳು ಪುಟದಿಂದ ಕಣ್ಣೆತ್ತಲಿಲ್ಲ.

"ಗೊತ್ತಿಲ್ಲ ಅಂತ ಬರೀರಿ. ಗೊತ್ತಿಲ್ಲದೆ ಇರೋದು ನಿಮ್ಮ ತಪ್ಪಲ್ಲ."

ಮೂರು ವಾರ ನಿಂತಿದ್ದ ಪೆನ್ನು ಹೊರಟಿತು. ಅವಳು ಎಲ್ಲಾದರೂ ತಡವರಿಸಿದರೆ ಅವನು ಬೆರಳಿನಿಂದ ಸಾಲು ತೋರಿಸುತ್ತಿದ್ದನೇ ಹೊರತು ಪೆನ್ನು ಮುಟ್ಟಲಿಲ್ಲ. ಒಮ್ಮೆ ಅವನ ಬೆರಳೂ ಅವಳ ಪೆನ್ನೂ ಒಂದೇ ಸಾಲಿನಲ್ಲಿ ಎದುರಾಗಿ, ಯಾರು ದಾರಿ ಬಿಡಬೇಕೆಂದು ತಿಳಿಯದೆ ಎರಡೂ ಸುಮ್ಮನೆ ನಿಂತವು. ದೊಡ್ಡಮ್ಮ ಒಂದೇ ದಿಂಬಿನ ಕವರಿಗೆ ಮೂರನೇ ಸಲ ಇಸ್ತ್ರಿ ಹಾಕಿದಳು.

ಗುರುವಾರ ಸೂಜಿ ಅರ್ಜಿ ಹಿಡಿದು ಕಾಲೇಜಿಗೆ ಹೋದಳು. ಉದ್ದನೆಯ ಹಾಲು, ಐದು ಟೇಬಲ್ಲು. ಮೂರನೆಯದರ ಮುಂದೆ ನಿಂತು ಅರ್ಜಿ ಚಾಚಿದಳು. ಅವನು ಅದನ್ನು ತೆರೆಯದೆ ಎದ್ದು, ಐದನೇ ಟೇಬಲ್ಲಿನ ಕನ್ನಡಕದ ಮೇಡಂ ಬಳಿ ಒಯ್ದ. "ಇದು ನೀವು ನೋಡಿ ಮೇಡಂ. ನಾನು ನೋಡೋ ಹಾಗಿಲ್ಲ," ಎಂದು ಅಷ್ಟು ಜನರ ಮುಂದೆ ಹೇಳಿ, ರಿಜಿಸ್ಟರಿನಲ್ಲಿ ಏನೋ ಗೀಚಿ, ಅವಳ ಕಡೆ ನೋಡದೆ ಕೂತುಬಿಟ್ಟ.

ನಾಲ್ಕನೇ ಪುಟದ ಹುಡುಗಿ ಬೇಡವಾದಳೇನೋ ಎಂದುಕೊಂಡು ಅವಳು ಮೆಟ್ಟಿಲಿಳಿದಳು.

ಮುಂದಿನ ಸೋಮವಾರ ಅಂಗಿ ಬರಲಿಲ್ಲ. ಅದರ ಮುಂದಿನ ಸೋಮವಾರವೂ ಇಲ್ಲ. ಹದಿನೇಳನೇ ನಂಬರಿನ ಗೂಡು ಖಾಲಿ. ಬಾಗಿಲಿನ ಗಂಟೆ ಅಲುಗಿದಾಗಲೆಲ್ಲ ಸೂಜಿ ಬೆರಳು ಚುಚ್ಚಿಕೊಂಡಳು. ಯಾಕೆ ಅಂತ ಹೋಗಿ ಕೇಳಬಾರದಾ ಎಂದು ದೊಡ್ಡಮ್ಮ ಕೇಳಿದರೆ, ಲೋಕದ ಎಲ್ಲದಕ್ಕೂ ಯಾಕೆ ಎನ್ನುವವಳು ಇದೊಂದಕ್ಕೆ ತಲೆಯಾಡಿಸಿ ಸುಮ್ಮನಾದಳು. ಕೆಲವು ಉತ್ತರಗಳ ಮೇಲೆ ಆಸೆ ಎಷ್ಟೋ ಹೆದರಿಕೆಯೂ ಅಷ್ಟೇ.

ಮೂರನೇ ವಾರ ಶುಕ್ರವಾರ ಪತ್ರ ಬಂತು. ಫೀಸಿನ ಮುಕ್ಕಾಲು ಭಾಗ ಕಾಲೇಜಿನದೇ ನೆರವು, ತೀರಿಸಬೇಕಾದ ಸಾಲವಲ್ಲ; ಉಳಿದದ್ದಕ್ಕೆ ವಾರದಲ್ಲಿ ಕೆಲವು ಗಂಟೆ ಕೆಮಿಸ್ಟ್ರಿ ಲ್ಯಾಬಿನಲ್ಲಿ ಕೆಲಸ. ದೊಡ್ಡಮ್ಮ ಅತ್ತಳು. ಸೂಜಿ ಅಳುವ ಮೊದಲು ಒಂದು ಕೆಲಸ ಮಾಡಿದಳು: ಪತ್ರದಲ್ಲಿದ್ದ ನಂಬರನ್ನು ಬಿಟ್ಟು, ಸೀಟು ಸಿಕ್ಕಾಗ ಕಾಲೇಜು ಕೊಟ್ಟ ರಸೀತಿಯ ನಂಬರಿಗೆ ಫೋನ್ ಮಾಡಿ ಇದು ನಿಜವೇ ಎಂದು ಕೇಳಿದಳು.

ಎತ್ತಿದವರು ಐದನೇ ಟೇಬಲ್ಲಿನ ಮೇಡಂ. ನೂರಕ್ಕೆ ನೂರು ನಿಜ, ಹೀಗೆ ಕೇಳಿ ನೋಡಿದ್ದು ಒಳ್ಳೆಯದಾಯಿತು ಎಂದರು. ಸೂಜಿ ಫೋನ್ ಇಡಲಿಲ್ಲ. ಮೂರನೇ ಟೇಬಲ್ಲಿನವರು ನನ್ನ ಅರ್ಜಿ ಯಾಕೆ ನೋಡಲಿಲ್ಲ ಎಂದು ಕೊನೆಗೂ ಕೇಳಿದಳು.

ಮೇಡಂ ನಕ್ಕರು. ತಮಗೆ ಬೇಕಾದವರ ಅರ್ಜಿಯನ್ನು ತಾವೇ ನೋಡಬಾರದು, ಬೇರೆ ಟೇಬಲ್ಲಿಗೆ ಕೊಟ್ಟು ಕಾರಣ ಬರೆಯಬೇಕು, ತೀರ್ಮಾನ ಆಗುವವರೆಗೆ ಅವರನ್ನು ಭೇಟಿಯೂ ಆಗಬಾರದು ಎಂಬುದು ಇಲ್ಲಿಯ ನಿಯಮ ಎಂದು ವಿವರಿಸಿದರು.

"ರಿಜಿಸ್ಟರಲ್ಲಿ ಒಂದು ಕಾಲಂ ಇದೆಯಮ್ಮ, ಅರ್ಜಿದಾರರಿಗೂ ನಿಮಗೂ ಏನು ಸಂಬಂಧ ಅಂತ. ಎಲ್ಲರೂ ತಂಗಿ, ಸೋದರಮಾವನ ಮಗ, ಹಾಗೆಲ್ಲ ಬರೀತಾರೆ. ಇವನು 'ಇನ್ನೂ ಇಲ್ಲ' ಅಂತ ಬರೆದಿದ್ದಾನೆ."

ಸೂಜಿ ಫೋನ್ ಇಟ್ಟು ದಾರದ ಉಂಡೆಗಳನ್ನು ಒಂದೊಂದಾಗಿ ಡಬ್ಬಿಗೆ ಜೋಡಿಸಿದಳು. ಆಮೇಲೆ ಅತ್ತಳು. ಅತ್ತದ್ದು ಸ್ಕಾಲರ್‌ಶಿಪ್ಪಿಗೆ ಎಂದು ದೊಡ್ಡಮ್ಮನಿಗೆ ಹೇಳಿದಳು. ದೊಡ್ಡಮ್ಮ ನಂಬಿದಂತೆ ಮಾಡಿದಳು.

ಸೋಮವಾರ ಬಾಗಿಲಿನ ಗಂಟೆ ಅಲುಗಿತು. ಅವನು ಅಂಗಿಯನ್ನು ಟೇಬಲ್ಲಿನ ಮೇಲಿಟ್ಟ. ಎಲ್ಲ ಗುಂಡಿಗಳೂ ಇದ್ದವು. ಅವಳು ಮತ್ತೊಮ್ಮೆ ಎಣಿಸಿ ನೋಡಿ, ಹುಬ್ಬೇರಿಸಿದಳು.

"ಇಲಿ ಏನಾಯ್ತು?"

"ತಪ್ಪೊಪ್ಪಿಕೊಳ್ಳೋಕೆ ಬಂದಿದೆ."

ಹೇಳಿದವನೇ ಅಂಗಿಯ ಪಕ್ಕದಲ್ಲಿ ಒಂದು ಕಂದು ಕವರು ಇಟ್ಟ. ಅದೇ ಲಾಂಡ್ರಿಯ ಕವರು, ಅವಳದೇ ಅಕ್ಷರದ ಹದಿನೇಳು. ಅವಳು ಬಗ್ಗಿಸಿದಳು. ಗುಂಡಿಗಳು ಉರುಳಿ ಬಂದವು, ಹದಿಮೂರು.

ಅವಳು ಒಂದೊಂದನ್ನೇ ಬೆಳಕಿಗೆ ಹಿಡಿದಳು. ಹನ್ನೆರಡರಲ್ಲಿ ಅವಳ ನೀಲಿ ನೂಲಿನ ಚೂರು ಇನ್ನೂ ಸಿಕ್ಕಿಕೊಂಡಿತ್ತು. ಆ ಎಲ್ಲ ಸೋಮವಾರಗಳೂ ಅಲ್ಲಿದ್ದವು. ಮೊದಲನೆಯದರ ಬಿಳಿ ನೂಲಿನ ತುದಿಯಲ್ಲಿ ಮಾತ್ರ ಜುಂಗು ಎದ್ದಿತ್ತು. ಅದು ನಿಜಕ್ಕೂ ತಾನಾಗಿ ಕಳಚಿದ್ದು.

"ಅವತ್ತು ನೀವು ನೂಲನ್ನ ಹಲ್ಲಲ್ಲಿ ಕಡಿದು, ಅಂಗಿ ಕೊಡವಿ ಕೊಟ್ರಿ," ಎಂದ ಅವನು. "ಮತ್ತೆ ನೋಡ್ಬೇಕು ಅನ್ನಿಸ್ತು. ಬೇರೆ ನೆಪ ಗೊತ್ತಾಗ್ಲಿಲ್ಲ."

ಸೂಜಿ ಹನ್ನೆರಡು ಗುಂಡಿಗಳನ್ನು ಅಂಗಡಿಯ ಡಬ್ಬಿಗೆ ಹಾಕಿದಳು. ಒಂದೊಂದೂ ಬೀಳುವ ಸದ್ದು ಕೇಳಿಸುವಷ್ಟು ನಿಧಾನವಾಗಿ.

"ಮುಂದಿನ ವಾರ ಗುಂಡಿ ಕೀಳ್ಬೇಡಿ. ಸುಮ್ನೆ ಬನ್ನಿ."

ಒಳಗಿನ ಕೋಣೆಯಿಂದ ದೊಡ್ಡಮ್ಮ ಯಾರಿಗೋ ಕೇಳಿಸಲೆಂಬಂತೆ ಕೆಮ್ಮಿದಳು. ಉಳಿದ ಆ ಬಿಳಿ ನೂಲಿನ ಗುಂಡಿ ಗಿರಾಕಿಯ ಸ್ವತ್ತು. ಅಲ್ಲಿಯ ಪದ್ಧತಿಯಂತೆ ವಾಪಸ್ ಹೋಗಬೇಕಾದದ್ದು. ಅವಳು ಅದನ್ನು ಮುಷ್ಟಿಯಲ್ಲಿ ಸ್ವಲ್ಪ ಬೆಚ್ಚಗಾಗಿಸಿ, ಅವನ ಅಂಗೈ ಬಿಡಿಸಿ, ಅದರಲ್ಲಿಟ್ಟಳು.